ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ?

ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹೊಲಿಗೆ ಮೆಷಿನ್ ನಿಲ್ಲಿಸಿ ತಾರಸಿಗೆ ಹೋಗಿ ಮೋಡ ನೋಡಿ ಬರುತ್ತೇನೆ. ನಮ್ಮ ಮನೆ ಬೆಂಗಳೂರಿನ ಹೊರಮಾವು ಕಡೆ, ಮಳೆನೀರು ಹರಿಯುವ ದೊಡ್ಡ ರಾಜಕಾಲುವೆಯಿಂದ ಎರಡು ರಸ್ತೆ ಆಚೆ. ನೆಲಮಹಡಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಕೆಲಸ. ಮೇ ತಿಂಗಳು ಮದುವೆ ಸೀಸನ್, ಕೋಣೆ ತುಂಬ ಬೇರೆಯವರ ರೇಷ್ಮೆ ಸೀರೆ. ನನ್ನ ಬಟ್ಟೆ ನೆಂದರೆ ಒಣಗಿಸಿಕೊಳ್ಳುತ್ತೇನೆ. ಇನ್ನೊಬ್ಬರ ಮಗಳ ಧಾರೆ ಸೀರೆಗೆ ಮೋರಿ ನೀರು ತಾಕಿದರೆ ಏನು ಹೇಳಲಿ?

2025ರ ಮೇ 18, ಭಾನುವಾರ ರಾತ್ರಿ ಅದೇ ಆಯಿತು. ಮಳೆ ಬರುತ್ತದೆ ಅಂತ ಗೊತ್ತಿತ್ತು. ಮರುದಿನ ಬೆಳಗಿನ 8.30ರ ಲೆಕ್ಕಕ್ಕೆ ಬೆಂಗಳೂರಿನ ಮಳೆ 100 ಮಿ.ಮೀ. ದಾಟಿತ್ತು. ನಮ್ಮ ಮನೆಗೆ ನೀರು ಬಾಗಿಲಿಂದ ಬರಲಿಲ್ಲ, ಬಚ್ಚಲಿನ ತೂತಿನಿಂದ ಉಕ್ಕಿತು. ನಾನು ಬಾಗಿಲಿಗೆ ಮರಳಿನ ಮೂಟೆ ಇಟ್ಟು ಕಾಯುತ್ತಾ ಕೂತಿದ್ದೆ. ಕೆಳಗಿನ ಕಪಾಟಿನಲ್ಲಿದ್ದ ನಾಲ್ಕು ಸೀರೆ ಹೋದವು. ಸಂಪಿಗೂ ಕೊಳಚೆ ಸೇರಿತು.

100 ಮಿ.ಮೀ. ಅಂದರೆ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮದು 30×40 ಅಡಿ ಸೈಟು, ಸುಮಾರು 111 ಚದರ ಮೀಟರ್. ಅದೊಂದರ ಮೇಲೇ 11,000 ಲೀಟರ್ ಬಿದ್ದಿದೆ. ಅದರ ಅರ್ಧದಷ್ಟು ನೀರಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್‌ನವರ ಹತ್ತಿರ ಚೌಕಾಸಿ ಮಾಡಿದ್ದೆ. ಇಷ್ಟು ನೀರು ನಿಧಾನಕ್ಕೆ ಇಪ್ಪತ್ನಾಲ್ಕು ಗಂಟೆ ಸುರಿದಿದ್ದರೆ ನಮ್ಮ ಕಾಲುವೆ ಹೊತ್ತುಕೊಂಡು ಹೋಗುತ್ತಿತ್ತು. ಕೆಲವೇ ಗಂಟೆಯಲ್ಲಿ ಬಂತು, ಅದಕ್ಕೇ ಉಕ್ಕಿತು.

ಅವತ್ತಿಂದ ಹವಾಮಾನದ ಸುದ್ದಿಯನ್ನು ನಾನು ಬೇರೆ ಥರ ಓದುತ್ತೇನೆ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆ ಜಿಲ್ಲೆಗೆ ಕೊಡುವಂಥದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಆ ಸಂಖ್ಯೆ ದಿನಪೂರ್ತಿಯದು. ನನ್ನ ಕೋಣೆಗೆ ಬೇಕಾಗಿರುವುದು ಗಂಟೆಯ ಲೆಕ್ಕ. ಒಂದೇ ಗಂಟೆಯಲ್ಲಿ 50 ಸುರಿದರೆ, ದಿನದ ಲೆಕ್ಕದಲ್ಲಿ ಅದು ಭಾರಿ ಮಳೆಯೇ ಅಲ್ಲ. ನಮ್ಮ ರಸ್ತೆಗೆ ಮಾತ್ರ ಮೊಣಕಾಲುದ್ದ ನೀರು.

ಹಾಗಾಗಿ ನಾಲ್ಕೈದು ದಿನದ ಮುನ್ಸೂಚನೆ ನೋಡಿ ಸೀರೆಗಳನ್ನು ಮೇಲಿನ ಅಟ್ಟಕ್ಕೆ ಹಾಕುತ್ತೇನೆ, ಅಷ್ಟಕ್ಕೆ ಅದು ಸಾಕು. ಸಂಜೆ ನಂಬುವುದು ಮುಂದಿನ ಮೂರು ಗಂಟೆಗೆ ಮಾತ್ರ ಕೊಡುವ ಮುನ್ಸೂಚನೆಯನ್ನು. ಬೇಸಿಗೆಯ ಗುಡುಗು ಮಳೆ ಯಾವ ಬಡಾವಣೆಗೆ ಅಂತ ಹಿಂದಿನ ದಿನ ಹೇಳುವುದು ಕಷ್ಟ. ಹಗಲಿನ ಬಿಸಿಲಿಗೆ ನೆಲ ಕಾಯುತ್ತದೆ. ಸಮುದ್ರದ ಕಡೆಯಿಂದ ತೇವ ತುಂಬಿದ ಗಾಳಿ ಒಳನಾಡಿಗೆ ಬಂದಿದ್ದರೆ, ಮಧ್ಯಾಹ್ನದ ಮೇಲೆ ಮೋಡ ಹೂಕೋಸಿನಂತೆ ಉಬ್ಬಿ ಎದ್ದು ನಿಲ್ಲುತ್ತದೆ. ಅಂಥ ಒಂದು ಮೋಡದ ಆಯಸ್ಸು ಹೆಚ್ಚೆಂದರೆ ಒಂದು ಗಂಟೆ. ಮೇಲಿನ ಗಾಳಿ ಬಲವಾಗಿದ್ದರೆ ಮುಂದೆ ಹೋಗುತ್ತದೆ. ಗಾಳಿ ಇಲ್ಲದಿದ್ದರೆ ನಿಂತ ಕಡೆಯೇ ಸುರಿಸುತ್ತದೆ, ಪಕ್ಕದಲ್ಲಿ ಹೊಸದೂ ಹುಟ್ಟುತ್ತದೆ. ನನಗೆ ಭಯ ಆಗುವುದು ಈ ನಿಂತ ಮೋಡ ಕಂಡರೆ.

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸಲೇಬೇಕು. ನಮ್ಮ ತಲೆ ಮೇಲೆ ಹನಿ ಬೀಳದಿದ್ದರೂ ಹೆಬ್ಬಾಳ, ನಾಗವಾರದ ಕಡೆ ಜೋರು ಮಳೆಯಾದರೆ ಆ ನೀರು ಇಳಿದು ಬರುವುದು ಇಲ್ಲಿಗೇ. ಅದಕ್ಕೆ ಮೇಘಸಂದೇಶ ಆ್ಯಪ್ ತೆರೆದು ಮೊದಲು ಆ ಕಡೆಯ ಮಳೆ ನೋಡುತ್ತೇನೆ, ಆಮೇಲೆ ನಮ್ಮದು. ಅಲ್ಲಿ ಅಂಕಿ ಏರುತ್ತಿದ್ದರೆ ಬಚ್ಚಲಿನ ತೂತಿಗೆ ಬಟ್ಟೆ ಸುತ್ತಿದ ಮುಚ್ಚಳ ಬಿಗಿಯುತ್ತೇನೆ. ಸಂಪಿನ ಮುಚ್ಚಳದ ಸುತ್ತ ಪ್ಲಾಸ್ಟಿಕ್, ಯುಪಿಎಸ್ ಮೇಜಿನ ಮೇಲೆ. ಸ್ಕೂಟರ್ ಎತ್ತರದ ರಸ್ತೆಗೆ. ನೀರು ಹೊಸಿಲು ಮುಟ್ಟುವ ಮೊದಲೇ ಮೇನ್ ಸ್ವಿಚ್ ಆಫ್. ಕೆಲಸದಿಂದ ಬರುವ ಯಜಮಾನರಿಗೆ ಫೋನ್ ಮಾಡಿ, ಅಂಡರ್‌ಪಾಸ್ ದಾರಿ ಬೇಡ ಅಂತ ಹೇಳುತ್ತೇನೆ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ 22 ವರ್ಷದ ಹುಡುಗಿ ತೀರಿಕೊಂಡಳು. ಅದೂ ಬೇಸಿಗೆ ಮಳೆಯೇ. ಅರ್ಧ ಗಂಟೆ ಎಲ್ಲಾದರೂ ನಿಂತು ಬನ್ನಿ, ಊಟ ಬಿಸಿ ಮಾಡಿಕೊಂಡರಾಯಿತು ಅನ್ನುತ್ತೇನೆ.

ನಮ್ಮ ತವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಅಣ್ಣನಿಗೆ ಮಾವಿನ ತೋಟ. ಅವನು ಅದೇ ಮುನ್ಸೂಚನೆ ಓದುತ್ತಾನೆ, ಆದರೆ ಮಳೆಯ ಸಾಲು ಬಿಟ್ಟು ನೇರ ಗಾಳಿಯ ಸಾಲಿಗೆ ಹೋಗುತ್ತಾನೆ. ಗಂಟೆಗೆ 30–40 ಕಿ.ಮೀ. ಅಂತಿದ್ದರೆ ನಿದ್ದೆ ಮಾಡುತ್ತಾನೆ. 40–50 ಅಂತಿದ್ದರೆ ಇಲ್ಲ. ಕಾಯಿ ತುಂಬಿ ತೂಗುವ ಹೊತ್ತಿಗೆ ಒಂದು ಬೀಸು ಸಾಕು, ಬುಡದ ತುಂಬ ಉದುರು ಕಾಯಿ. ಅದನ್ನು ಕೇಳುವವರೂ ಕಡಿಮೆ, ಕೊಡುವ ಬೆಲೆಯೂ ಕಡಿಮೆ. ಆಲಿಕಲ್ಲು ತಾಕಿದ್ದಂತೂ ಮರದಲ್ಲೇ ಉಳಿದರೂ ಕಪ್ಪಾಗುತ್ತದೆ. ಅಮ್ಮ ಈಗಲೂ ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ರಾಗಿ ಹೊಲಕ್ಕೆ ಆ ಮಳೆ ಬೇಕೇ ಬೇಕು, ಉಳುಮೆ ಶುರುವಾಗುವುದೇ ಆಗ. ಪಕ್ಕದ ಮಾವಿಗೆ ಅದೇ ಮಳೆಯ ಗಾಳಿ ಹೊಡೆತ.

ಮಿಂಚಿನ ವಿಷಯದಲ್ಲಿ ಮಾತ್ರ ಅಣ್ಣನ ಜೊತೆ ಜಗಳ ಆಡಿದ್ದೇನೆ. ಮಳೆ ಬಂದರೆ ಮರದ ಕೆಳಗೆ ನಿಲ್ಲುವುದು ಅವನ ರೂಢಿ. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಟ್ಟು, ಅದು ಸದ್ದು ಮಾಡಿದರೆ ಪಂಪ್‌ಸೆಟ್ ಮನೆ ಒಳಗೆ ಹೋಗು ಅಂತ ಆಣೆ ಹಾಕಿಸಿಕೊಂಡಿದ್ದೇನೆ.

ಗಾಳಿ ಮೂಡಣದಿಂದ ಇರುವ ಕೆಲವು ದಿನ ಮೋಡ ಅಲ್ಲಿಂದಲೇ ಇತ್ತ ಬರುತ್ತದೆ. ಆಗ ಅಣ್ಣನೇ ಫೋನ್ ಮಾಡುತ್ತಾನೆ. ನಿನ್ನೆಯೂ ನಾಲ್ಕೂವರೆಗೆ ಮಾಡಿದ್ದ. “ಏನಮ್ಮ, ಇಲ್ಲಿ ಒಂದು ಸಲ ಹೊಡೆದು ಹೋಯ್ತು. ನಿಮ್ಮ ಕಡೆ ಕಪ್ಪಗಿದೆ ನೋಡು.” ಕಾಯಿ ಎಷ್ಟು ಬಿತ್ತು ಅಂತ ಕೇಳಿದೆ. “ಆಮೇಲೆ ಎಣಿಸೋಣ, ಮೊದಲು ಸೀರೆ ಮೇಲಿಡು” ಅಂದ.