ಕೆರೆಯಂಚಿನ ಹತ್ತಡಿ

ಕಳೆದ ಬೇಸಿಗೆಯ ಒಂದು ಶನಿವಾರ, ಅಮೆರಿಕದ ಮಿನ್ನೆಸೋಟಾ ರಾಜ್ಯದ ನಮ್ಮ ಮನೆಯ ಹಿಂದಿರುವ ಕೆರೆಯಂಚಿನಲ್ಲಿ ಸೊಂಟದೆತ್ತರಕ್ಕೆ ಬೆಳೆದಿದ್ದ ಹುಲ್ಲನ್ನು ನಾನು ಸವರಿ ಹಾಕುತ್ತಿದ್ದಾಗ, ಪಕ್ಕದ ಮನೆಯ ವೃದ್ಧೆ ಹತ್ತಿರ ಬಂದು, "ನಿಮಗೆ ಈ ಮನೆ ಮಾರಿದವರು ಇಪ್ಪತ್ತು ವರ್ಷ ಇದನ್ನು ಮುಟ್ಟಿರಲಿಲ್ಲ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರೂ ನನಗದು ಚುಚ್ಚಿತು. ಕೆರೆ ಕಾಣಲೆಂದೇ ಹೆಚ್ಚು ಬೆಲೆ ತೆತ್ತು ಕೊಂಡ ಮನೆಯಲ್ಲಿ, ಕಣ್ಣಿಗೆ ಅಡ್ಡ ನಿಂತ ಹುಲ್ಲನ್ನು ಕೊಯ್ಯುವುದಕ್ಕೂ ಇನ್ನೊಬ್ಬರನ್ನು ಕೇಳಬೇಕೇ ಎನ್ನಿಸಿತು.

ಅವರು ತಮ್ಮ ಗ್ಯಾರೇಜಿಗೆ ಕರೆದೊಯ್ದು ಗೊಬ್ಬರದ ಚೀಲವೊಂದನ್ನು ತೋರಿಸಿದರು. ಅದರ ಮೇಲಿನ ಮೂರು ಸಂಖ್ಯೆಗಳಲ್ಲಿ ನಡುವಿನದು ಸೊನ್ನೆ. ನಡುವಿನ ಸಂಖ್ಯೆ ಗೊಬ್ಬರದಲ್ಲಿರುವ ರಂಜಕದ (ಫಾಸ್ಫರಸ್) ಪ್ರಮಾಣ. ಹೊಸದಾಗಿ ಹುಲ್ಲು ಹಾಕುವಾಗ ಅಥವಾ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ಹೊರತು, ಮನೆಯಂಗಳದ ಹುಲ್ಲಿಗೆ ರಂಜಕದ ಗೊಬ್ಬರ ಹಾಕುವುದನ್ನು ಇಲ್ಲಿ 2005ರಿಂದ ರಾಜ್ಯದಾದ್ಯಂತ ನಿಷೇಧಿಸಲಾಗಿದೆ. ಒಂದು ಕಿಲೋ ರಂಜಕ ನೀರಿಗೆ ಸೇರಿದರೆ 300ರಿಂದ 500 ಕಿಲೋದಷ್ಟು ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಕೊಯ್ದ ಹುಲ್ಲು, ಉದುರಿದ ಎಲೆ, ಕಾಲಕಾಲಕ್ಕೆ ಖಾಲಿ ಮಾಡಿಸದ ಸೆಪ್ಟಿಕ್ ಟ್ಯಾಂಕಿನ ಸೋರಿಕೆ, ಎಲ್ಲದರಲ್ಲಿಯೂ ರಂಜಕವಿದೆ. ನಾನು ಕಳೆಯೆಂದು ಕೊಯ್ಯುತ್ತಿದ್ದ ಹುಲ್ಲು, ಮಳೆನೀರಿನ ಓಟವನ್ನು ತಡೆದು, ಅದು ಹೊತ್ತು ತರುವ ಮಣ್ಣನ್ನೂ ಗೊಬ್ಬರವನ್ನೂ ದಂಡೆಯಲ್ಲಿಯೇ ಹಿಡಿದಿಡುತ್ತಿತ್ತು.

ಇದನ್ನು ಕಾಸರಗೋಡಿನ ಎಣ್ಮಕಜೆಯಿಂದ ಬಂದ ನನಗೆ ಇನ್ನೊಬ್ಬರು ಹೇಳಿಕೊಡಬೇಕಾಯಿತಲ್ಲ ಎಂಬುದೇ ನನ್ನ ನಿಜವಾದ ನೋವು. ಗುಡ್ಡದ ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕೆಳಗಿನ ತೋಡು (ಸಣ್ಣ ಹೊಳೆ), ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರಿಗೆ ಇಳಿದ ಊರು ನಮ್ಮದು. ಮೇಲೆ ಸುರಿದದ್ದು ಕೆಳಗಿನವರ ಕೊಡಕ್ಕೆ ಬರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮ ಅಡಕೆ ತೋಟದ ನಡುವೆ ಒಂದು ಕೆರೆ. ಅದರ ಪಕ್ಕದಲ್ಲಿ ತೋಡು. ತೋಡಿನ ದಂಡೆಯುದ್ದಕ್ಕೂ ಕೇದಗೆಯ ಪೊದೆಗಳು. ಎಲೆಯ ಎರಡಂಚಿನಲ್ಲೂ ಗರಗಸದಂತಹ ಮುಳ್ಳು, ಬುಡದಿಂದ ಬೆರಳುಗಳಂತೆ ಇಳಿದು ಮಣ್ಣನ್ನು ಕಚ್ಚಿ ಹಿಡಿದ ಬಿಳಲುಗಳು. ಆಟಿ ತಿಂಗಳ ಜೋರು ಮಳೆಗೆ ತೋಡು ಕೆಂಪಾಗಿ ಉಕ್ಕಿದರೂ ಆ ದಂಡೆ ಜರಿದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಕತ್ತಿ ಹಾಕಲು ಅಪ್ಪ ಯಾರನ್ನೂ ಬಿಡುತ್ತಿರಲಿಲ್ಲ. ಅಡಕೆಗೆ ಸಿಂಪಡಿಸುವ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಲಸುವ ಡ್ರಮ್ಮನ್ನೂ ಕೆರೆಯ ಹತ್ತಿರ ಇಡಗೊಡದೆ, ನೀರನ್ನು ಕೊಡಪಾನದಲ್ಲಿ ಹೊತ್ತೊಯ್ಯಬೇಕೆಂದು ಹೇಳುತ್ತಿದ್ದರು. ಇಲ್ಲಿ ಕಾನೂನು ಮಾಡಿ ಹೇಳುವುದನ್ನು ಅಲ್ಲಿ ಅಪ್ಪ ಒಂದು ಗದರಿಕೆಯಲ್ಲಿ ಮುಗಿಸುತ್ತಿದ್ದರು. ಆದರೆ ಗದರುವವರು ಹೋದ ಮೇಲೆ ಆ ಕಟ್ಟಳೆಯೂ ಉಳಿಯಲಿಲ್ಲ. ಮೂರು ವರ್ಷಗಳ ಹಿಂದೆ ಊರಿಗೆ ಹೋದಾಗ ಕೇದಗೆಯಿರಲಿಲ್ಲ. ಹಾವಿನ ಕಾಟವೆಂದು ಜೆಸಿಬಿ ತರಿಸಿ ತೆಗೆಸಿದ್ದರು. ಮರುವರ್ಷದ ಮಳೆಗೆ ದಂಡೆ ಕುಸಿದು, ಎರಡು ಅಡಕೆ ಮರಗಳು ತೋಡಿಗೆ ಉರುಳಿದವು.

ಈ ವರ್ಷ ನಾನು ನೀರಿನಂಚಿನ ಹತ್ತಡಿಯನ್ನು ಕೊಯ್ಯದೆ ಬಿಟ್ಟಿದ್ದೇನೆ. ಜೂನ್ ತಿಂಗಳಿನಲ್ಲಿ ಅಲ್ಲಿ ನೀಲಿ ಐರಿಸ್ ಹೂಗಳು ಅರಳಿದವು. ಚಿತ್ರ ತೆಗೆದು ಅಣ್ಣನಿಗೆ ಕಳುಹಿಸಿದೆ. ಕಿತ್ತ ಕೇದಗೆಯ ಬುಡವೊಂದು ಮತ್ತೆ ಚಿಗುರಿದೆ ಎಂದು ಅವನು ಫೋನಿನಲ್ಲಿ ತಿಳಿಸಿದ. ಅದನ್ನಾದರೂ ಉಳಿಸು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾವು ಬಂದರೆ ಓಡಿಸಲು ನೀನು ಬರುತ್ತೀಯಾ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.