ಸಾಲ್ಟ್ ಲೇಕ್ ಕಡೆಯ ವಾರಾನ್ನದ ಹುಡುಗರು

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ವಿಮಾನ ಇಳಿದು ಲಗೇಜು ಬರುವ ಕಡೆ ನಡೆದರೆ ಅಲ್ಲೊಂದು ಸಣ್ಣ ಜಾತ್ರೆ ಸೇರಿತ್ತು. ಬಲೂನು, ಕೈಯಲ್ಲಿ ಬರೆದ ಬೋರ್ಡು, ಅಜ್ಜಿ, ತಾತ, ಕಂಕುಳಲ್ಲಿ ಕೂಸು. ಯಾರೋ ಎಂಎಲ್‌ಎ ಬರ್ತಿರಬೇಕು ಅಂದುಕೊಂಡೆ. ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ಕಪ್ಪು ಸೂಟು ಮೊಣಕೈ ಹತ್ತಿರ ಸವೆದು ಹೊಳೆಯುತ್ತಿತ್ತು. ಜೇಬಿನ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ತಾಯಿ ಓಡಿಹೋಗಿ ತಬ್ಬಿಕೊಂಡವಳು ಬಿಡಲೇ ಇಲ್ಲ. ಉಳಿದವರು ಸುತ್ತ ನಿಂತು ತಮ್ಮ ಸರದಿಗೆ ಕಾಯುತ್ತಿದ್ದರು.

"ಮಿಷನ್ ಮುಗಿಸಿ ಬಂದಿದಾನೆ ಮಾಮ. ಎರಡು ವರ್ಷ ಆಗಿರತ್ತೆ ಮನೆ ಬಿಟ್ಟು," ಅಂದ ಅಕ್ಕನ ಮಗ. ಮಿಷನ್ ಅಂದರೆ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಹುಡುಗರು ಮನೆ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುವುದು. ಅಕ್ಕನ ಮಗನಿಗೆ ಇದು ಮಾಮೂಲು. ಈ ಏರ್‌ಪೋರ್ಟಿನಲ್ಲಿ ಇಂಥ ಜಾತ್ರೆ ಆಗಾಗ ನಡೆಯುತ್ತಂತೆ.

ಅದು 2019ರ ಮೇ ತಿಂಗಳು. ಅಕ್ಕನ ಮಗ ಇರುವುದು ಲೀಹೈ ಅನ್ನುವ ಊರಲ್ಲಿ. ಸಾಲ್ಟ್ ಲೇಕ್‌ಗೂ ಪ್ರೋವೋಗೂ ನಡುವೆ, ಸಾಫ್ಟ್‌ವೇರ್ ಕಂಪನಿಗಳು ಬಂದು ಬೆಳೆದ ಜಾಗ. ಊರಿನ ಹೆಸರೇ ಮಾರ್ಮನ್ ಗ್ರಂಥದ ಒಬ್ಬ ಪ್ರವಾದಿಯದ್ದು. ನಾನು ಮೈಸೂರಿನವನು, ರಿಟೈರ್ ಆಗಿ ಎರಡು ವರ್ಷವಾಗಿತ್ತು. ಹಿಮ ಹೊತ್ತ ಬೆಟ್ಟ ನೋಡೋಣ ಅಂತ ಹೋದವನು, ವಾಪಸು ಬಂದು ಜಾಸ್ತಿ ಮಾತಾಡಿದ್ದು ಮಾತ್ರ ಬಿಲ್ಲೆ ಹಾಕಿಕೊಂಡ ಆ ಹುಡುಗರ ಬಗ್ಗೆ.

ಮೊದಲ ಭಾನುವಾರ ಸಾಲ್ಟ್ ಲೇಕ್‌ನಲ್ಲಿ ಮಾರ್ಮನ್‌ರ ದೊಡ್ಡ ದೇವಸ್ಥಾನ ಇರುವ ಟೆಂಪಲ್ ಸ್ಕ್ವೇರ್‌ಗೆ ಹೋದೆವು. ಅಗಲವಾದ ರಸ್ತೆಗಳು, 132 ಅಡಿ. 1847ರಲ್ಲಿ ತಮ್ಮ ನಾಯಕ ಬ್ರಿಗಮ್ ಯಂಗ್ ಜೊತೆ ಇಲ್ಲಿಗೆ ಬಂದವರು ಎತ್ತಿನ ಗಾಡಿ ಸಲೀಸಾಗಿ ತಿರುಗಲಿ ಅಂತ ಹಾಗೆ ಬಿಟ್ಟರಂತೆ. ದೇವಸ್ಥಾನ ಕಟ್ಟುವುದಕ್ಕೆ ನಲವತ್ತು ವರ್ಷ ಹಿಡಿಯಿತು, 1853ರಿಂದ 1893. ಒಳಗೆ ನಮಗೆ ಪ್ರವೇಶವಿಲ್ಲ. ಪಕ್ಕದ ಟ್ಯಾಬರ್ನಕಲ್ ಅನ್ನುವ ಸಭಾಂಗಣಕ್ಕೆ ಯಾರು ಬೇಕಾದರೂ ಹೋಗಬಹುದು. ಅಲ್ಲಿನ ಆರ್ಗನ್ ವಾದ್ಯಕ್ಕೆ 11,623 ಕೊಳವೆಗಳಿವೆ. ಆದರೆ ನನಗೆ ನೆನಪು ಉಳಿದದ್ದು ಗುಂಡುಸೂಜಿ. ವೇದಿಕೆ ಮೇಲೆ ನಿಂತ ಹುಡುಗಿ ಮೈಕಿಲ್ಲದೆ ಒಂದು ಗುಂಡುಸೂಜಿ ಬೀಳಿಸಿದಳು. ಕೊನೇ ಸಾಲಿನಲ್ಲಿ ಕೂತ ನನಗೆ 'ಟಿಣ್' ಅಂತ ಕೇಳಿಸಿತು.

ಅಲ್ಲಿ ಜಾಗ ತೋರಿಸುವವರೆಲ್ಲ ಮಿಷನರಿ ಹುಡುಗಿಯರೇ. ಬಿಲ್ಲೆಯ ಜೊತೆಗೆ ಅವರವರ ದೇಶದ ಬಾವುಟ. ಫಿಲಿಪೀನ್ಸ್‌ನವಳೊಬ್ಬಳು ಎಲ್ಲಿಂದ ಬಂದಿರಿ ಅಂದಳು. ಮೈಸೂರು ಅಂದೆ, ಗೊತ್ತಾಗಲಿಲ್ಲ. ಬೆಂಗಳೂರು ಅಂದೆ, ಕಣ್ಣರಳಿಸಿದಳು. "ನಿಮ್ಮಲ್ಲಿ ನಮ್ಮ ದೇವಸ್ಥಾನ ಕಟ್ತಾರೆ, ಗೊತ್ತಾ?" 2018ರ ಏಪ್ರಿಲ್‌ನಲ್ಲಿ ಘೋಷಣೆ ಆಗಿತ್ತಂತೆ, ಭಾರತಕ್ಕೇ ಮೊದಲನೆಯದು. 1993ರಿಂದಲೇ ಬೆಂಗಳೂರಿನಲ್ಲಿ ಇವರ ಮಿಷನ್ ಇದೆ ಅನ್ನುವುದೂ ಆಗಲೇ ಗೊತ್ತಾಯಿತು. ನಮ್ಮ ಪಕ್ಕದೂರಿನ ಸುದ್ದಿಯನ್ನು ಫಿಲಿಪೀನ್ಸ್‌ನ ಹುಡುಗಿ ಅಮೆರಿಕದಲ್ಲಿ ನನಗೆ ಹೇಳಬೇಕಾಯಿತು, ನೋಡಿ.

ಇಷ್ಟೆಲ್ಲ ಪ್ರವಾಸಿ ಮಾತಾಯಿತು. ನಿಜವಾದ ಭೇಟಿ ಆದದ್ದು ಲೀಹೈನಲ್ಲಿ, ಮನೆ ಬಾಗಿಲಲ್ಲೇ.

ಒಂದು ಮಧ್ಯಾಹ್ನ ವಾಕಿಂಗ್ ಮುಗಿಸಿ ಬರುತ್ತಿದ್ದೆ. ಬಿಸಿಲಲ್ಲಿ ಇಬ್ಬರು ಹುಡುಗರು ಹೊಸ್ತಿಲ ಹೊರಗೆ ನಿಂತಿದ್ದರು. ಬಿಳಿ ಶರ್ಟು, ಟೈ, ಬೆನ್ನಿಗೆ ಬ್ಯಾಗು. ಒಳಗೆ ಬನ್ನಿ ಅಂತ ಅಕ್ಕನ ಸೊಸೆ ಕರೆಯುತ್ತಿದ್ದಾಳೆ, ಇವರು ನಗುತ್ತಾ ಅಲ್ಲೇ ನಿಂತಿದ್ದಾರೆ. ಆಮೇಲೆ ತಿಳಿಯಿತು, ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ಅವರು ಒಳಗೆ ಬರುವ ಹಾಗಿಲ್ಲ. ದೊಡ್ಡವರಾದ ಗಂಡಸೊಬ್ಬ ಇರಲೇಬೇಕು. ನಾನು ಬಂದದ್ದೇ ತಡ, ಇಬ್ಬರೂ ಶೂ ಬಿಚ್ಚಿ ಒಳಗೆ ಬಂದರು. ಬರೀ ಗಂಡಸಾಗಿದ್ದಕ್ಕೆ ನಾನು ಉಪಯೋಗಕ್ಕೆ ಬಂದದ್ದು ಅದೊಂದೇ ದಿನ ಅಂತ ಅಕ್ಕನ ಸೊಸೆ ಈಗಲೂ ರೇಗಿಸುತ್ತಾಳೆ.

ಅವರು ಬಂದದ್ದು ಪ್ರಚಾರಕ್ಕಲ್ಲ, ಊಟದ ವಿಷಯಕ್ಕೆ. ಈ ಹುಡುಗರಿಗೆ ರಾತ್ರಿ ಊಟ ಬಹಳ ಸಲ ಭಕ್ತರ ಮನೆಗಳಲ್ಲೇ. ಇಂಥ ದಿನ ಇಂಥವರ ಮನೆ ಅಂತ ಒಂದು ಪಟ್ಟಿ. ಮಂಗಳವಾರದ ಸರದಿ ಪಕ್ಕದ ಮನೆಯಾಕೆಯದ್ದು. ಆಕೆಗೆ ಊರಿಗೆ ಹೋಗಬೇಕಾಗಿ ಬಂದು, ನೀವು ಊಟ ಹಾಕ್ತೀರಾ ಅಂತ ಅಕ್ಕನ ಸೊಸೆಯನ್ನು ಕೇಳಿದ್ದಳು. ಇವಳು ಹೂಂ ಅಂದಿದ್ದಳು. ಹುಡುಗರು ಅದನ್ನೇ ಖಾತ್ರಿ ಮಾಡಿಕೊಳ್ಳೋಕೆ ಬಂದಿದ್ದರು.

ಪಟ್ಟಿ ಅಂದ ತಕ್ಷಣ ನನಗೆ ನಮ್ಮಪ್ಪ ನೆನಪಾದರು. ಹಳ್ಳಿಯಿಂದ ಬಂದು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಏಳು ದಿನಕ್ಕೆ ಆರು ಮನೆ ಸಿಕ್ಕಿತ್ತು. ಗುರುವಾರ ಮಾತ್ರ ಹುರಿಗಡಲೆ, ನೀರು. ಎಂಬತ್ತರ ವಯಸ್ಸಿನಲ್ಲೂ ಆ ಮನೆಗಳನ್ನು ಅವರು ಊಟದಿಂದಲೇ ಗುರುತಿಸುತ್ತಿದ್ದರು. ಸೋಮವಾರ ಗೊಜ್ಜಿನ ಮನೆ, ಶನಿವಾರ ನೀರುಮಜ್ಜಿಗೆ ಮನೆ.

ಮಂಗಳವಾರ ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಒಬ್ಬ ಜಾರ್ಜಿಯಾ ರಾಜ್ಯದವನು, ಸಣಕಲು, ಹತ್ತೊಂಬತ್ತು ವರ್ಷ. ಇನ್ನೊಬ್ಬ ಟೋಂಗಾ ದ್ವೀಪದವನು, ನಮ್ಮ ಬಾಗಿಲಿಗೆ ಸರಿಯಾಗುವಷ್ಟು ಅಗಲ. ಬಿಲ್ಲೆಯ ಮೇಲೆ ಇರುವುದು 'ಎಲ್ಡರ್', ಆಮೇಲೆ ಮನೆತನದ ಹೆಸರು. ಎರಡು ವರ್ಷ ಯಾರೂ ಅವರನ್ನು ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಎಲ್ಡರ್ ಅಂದರೆ ಹಿರಿಯ. ಅರವತ್ತು ದಾಟಿದ ನಾನು ಮೀಸೆ ಸರಿಯಾಗಿ ಚಿಗುರದ ಹುಡುಗನಿಗೆ "ಹಿರಿಯರೇ, ಅನ್ನ ಹಾಕಲಾ?" ಅಂತ ಕೇಳಿದ ಹಾಗಾಯಿತು.

ಬಿಸಿಬೇಳೆಬಾತ್, ಬೂಂದಿ, ಮೊಸರು ಬಜ್ಜಿ. ಕಾಫಿ ಕೊಡುವ ಹಾಗಿಲ್ಲ. ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಎಲ್ಲಕ್ಕೂ 1833ರಿಂದಲೇ ಬೇಡ ಅಂತ ಅವರ ಧರ್ಮದಲ್ಲಿ ಹೇಳಿದೆ. ಕಾಫಿ ಬಿಡಿ ಅಂದರೆ ನಾನು ಯಾವ ಧರ್ಮಕ್ಕೂ ಸೇರಲಾರೆ ಅಂದೆ. ಇಬ್ಬರೂ ಜೋರಾಗಿ ನಕ್ಕರು. ಜಾರ್ಜಿಯಾದವನ ಹಣೆಯಲ್ಲಿ ಖಾರಕ್ಕೆ ಬೆವರು ಸಾಲುಗಟ್ಟಿತು, ಆದರೂ ತಟ್ಟೆ ಖಾಲಿ ಮಾಡಿದ. ಟೋಂಗಾದವನು ಚಮಚ ಪಕ್ಕಕ್ಕಿಟ್ಟು ಕೈಯಲ್ಲೇ ಕಲಸಿದ. ಮೂರನೇ ಸಲ ಬಡಿಸಿಕೊಂಡಾಗ ಅಕ್ಕನ ಸೊಸೆಯ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಅವರ ದಿನಚರಿಯನ್ನು ನಾನು ಕೆದಕಿ ಕೆದಕಿ ಕೇಳಿದೆ. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ವ್ಯಾಯಾಮ, ಓದು, ಮತ್ತೆ ಇಬ್ಬರೂ ಸೇರಿ ಓದು. ಆಮೇಲೆ ಬೀದಿ. ಟಿವಿ ಇಲ್ಲ, ಸಿನಿಮಾ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ. ಜೊತೆಗಾರನನ್ನು ಬಿಟ್ಟು ಇರುವ ಹಾಗಿಲ್ಲ, ಸ್ನಾನ ಶೌಚ ಬಿಟ್ಟರೆ ಒಬ್ಬ ಇನ್ನೊಬ್ಬನ ಕಣ್ಣಳತೆಯಲ್ಲೇ ಇರಬೇಕು. ಆ ಜೊತೆಗಾರನನ್ನು ಆರಿಸುವವರೂ ಇವರಲ್ಲ. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ. ಊರು ಬದಲಾಗಬಹುದು, ಜೊತೆಗಾರ ಬದಲಾಗಬಹುದು, ಎರಡೂ ಆಗದೆ ಇರಬಹುದು. "ಗೊರಕೆ ಹೊಡೀತಾನಾ?" ಅಂತ ಕೇಳಿದೆ. ಸಣಕಲ ಮಾತಾಡದೆ ಟೋಂಗಾದವನ ಕಡೆ ನೋಡಿದ. ಉತ್ತರ ಸಿಕ್ಕಿತು.

ಈಜುವುದಕ್ಕೂ ಇಲ್ಲ. ಮಿಷನ್ ಮುಗಿಯುವ ತನಕ ನೀರಿಗೆ ಇಳಿಯಬಾರದು. ಸುತ್ತ ಸಮುದ್ರ ಇರುವ ನಾಡಿನ ಹುಡುಗ ಇದನ್ನು ಹೇಳುವಾಗ ಮೊದಲ ಸಲ ತಟ್ಟೆಯಿಂದ ಕೈ ತೆಗೆದ. ಇನ್ನು ಹದಿಮೂರು ತಿಂಗಳು ಅಂದ.

ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದೆ. ಸಂಬಳ ಇರಲಿ, ಇವರೇ ಕಟ್ಟಬೇಕು! ಅಮೆರಿಕದ ಹುಡುಗರಿಗೆ ಆಗ ತಿಂಗಳಿಗೆ 400 ಡಾಲರ್. ಯಾವ ದೇಶಕ್ಕೆ ಹಾಕಿದರೂ ಅಷ್ಟೇ. ಜಾರ್ಜಿಯಾದವನು ಹೈಸ್ಕೂಲಿನಿಂದಲೇ ಹುಲ್ಲು ಕತ್ತರಿಸಿ ಕೂಡಿಟ್ಟಿದ್ದನಂತೆ. ಎಲ್ಲಿಗೆ ಅನ್ನುವುದೂ ಇವರ ಕೈಯಲ್ಲಿಲ್ಲ. ಅವನಿಗೆ ಬ್ರೆಜಿಲ್‌ಗೆ ಹೋಗುವ ಆಸೆ, ಪೋರ್ಚುಗೀಸ್ ಪದಗಳನ್ನೂ ಕಲಿತಿದ್ದ. ಆದೇಶದಲ್ಲಿ ಯೂಟಾ ಅಂತ ಬಂತು. ಮಾರ್ಮನ್‌ರ ತವರಿಗೇ ಮಾರ್ಮನ್ ಪ್ರಚಾರಕ! ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಬಗ್ಗೆ ಹೇಳಿದ ಹಾಗೆ. "ಇಲ್ಲಿ ಬಾಗಿಲು ತೆಗೆದವರು ನಮಗೇ ಪಾಠ ಹೇಳ್ತಾರೆ," ಅಂದ ಅವನು. ಅದಕ್ಕೇ ಇಲ್ಲಿ ಚರ್ಚಿಗೆ ಬರುವುದು ಬಿಟ್ಟವರನ್ನು, ಹೊಸದಾಗಿ ಬಂದವರನ್ನು ಹುಡುಕಿಕೊಂಡು ಹೋಗುತ್ತಾರೆ. ಮನೆ ಬದಲಿಸುವವರ ಸೋಫಾ ಹೊರುತ್ತಾರೆ. ಅಕ್ಕನ ಮಗ ಈ ಮನೆಗೆ ಬಂದಾಗಲೂ ಫ್ರಿಜ್ ಹೊತ್ತದ್ದು ಇಂಥವೇ ಇಬ್ಬರು ಎಲ್ಡರ್‌ಗಳು.

ನನಗೆ ಮತ ಬದಲಿಸುವ ಕೆಲಸ ಹಿಡಿಸುವುದಿಲ್ಲ, ಅದನ್ನು ಅವರಿಗೂ ಹೇಳಿದೆ. ಸರಿ ಸಾರ್ ಅನ್ನುವ ಹಾಗೆ ತಲೆಯಾಡಿಸಿದರು. ಬಹುಪತ್ನಿತ್ವದ ಬಗ್ಗೆ ಕೇಳಬೇಕು ಅಂತ ಊರಲ್ಲಿ ಗೆಳೆಯರು ಹೇಳಿ ಕಳಿಸಿದ್ದರು. ಆದರೆ ಅವರ ಚರ್ಚು ಅದನ್ನು 1890ರಲ್ಲೇ ಬಿಡುವುದಾಗಿ ಸಾರಿದ್ದು. ಮೊಸರು ಬಜ್ಜಿ ತಿನ್ನುತ್ತಿರುವ ಹತ್ತೊಂಬತ್ತರ ಹುಡುಗನ ಹತ್ತಿರ ಅದನ್ನೆಲ್ಲ ಏನು ಕೇಳುವುದು, ಅಲ್ವಾ?

ಬದಲಿಗೆ ಅಮ್ಮನ ಬಗ್ಗೆ ಕೇಳಿದೆ. ಮೊದಲೆಲ್ಲ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಆ ವರ್ಷದ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು ಅಂತಾಗಿತ್ತು. ವಾರದ ಬಿಡುವಿನ ದಿನ ಸೋಮವಾರ. ಬಟ್ಟೆ ಒಗೆದು, ಸಾಮಾನು ತಂದು, ಕ್ಷೌರ ಮಾಡಿಸಿಕೊಂಡು, ಆಮೇಲೆ ವಿಡಿಯೋ ಕಾಲ್. ಹಿಂದಿನ ದಿನ ತಾನೇ ಮಾತಾಡಿದ್ದೆ ಅಂದ ಜಾರ್ಜಿಯಾದವನು. ಏನಂದರು ಅಮ್ಮ? "ನಾಳೆ ರಾತ್ರಿ ಊಟ ಯಾರ ಮನೇಲಿ ಅಂತ ಕೇಳಿದ್ರು."

ನಮ್ಮಜ್ಜಿಯೂ ಅಪ್ಪನಿಗೆ ಬರೆಸಿದ ಕಾಗದಗಳಲ್ಲಿ ಅದನ್ನೇ ಕೇಳುತ್ತಿದ್ದರಂತೆ. ಗುರುವಾರಕ್ಕೆ ಮನೆ ಸಿಕ್ಕಿತಾ ಅಂತ.

ಹೊರಡುವ ಮುಂಚೆ ಒಂದು ಪ್ರಾರ್ಥನೆ ಮಾಡಲಾ ಅಂತ ಕೇಳಿದರು. ಮಾಡಿ, ಅದಕ್ಕೇನಂತೆ ಅಂದೆ. ಟೋಂಗಾದವನು ತಲೆ ಬಗ್ಗಿಸಿ, ಊಟ ಹಾಕಿದ ಕೈಗಳಿಗೆ ಒಳ್ಳೆಯದಾಗಲಿ ಅಂದ. ಮೆಟ್ಟಿಲು ಹತ್ತುವಾಗ ನಾನು ಮಂಡಿ ಹಿಡಿದುಕೊಂಡಿದ್ದನ್ನು ಯಾವಾಗ ನೋಡಿದ್ದನೋ, ನನ್ನ ಮಂಡಿಯನ್ನೂ ಸೇರಿಸಿದ.

ಡಬ್ಬಿಯಲ್ಲಿ ಮಿಕ್ಕ ಬಾತ್ ಹಾಕಿ ಕೊಟ್ಟು ಹೊರಗೆ ಬಂದೆವು. ಸಣಕಲ ಡ್ರೈವರ್ ಸೀಟಿಗೆ ಕೂತ. ಟೋಂಗಾದವನು ಹತ್ತಲಿಲ್ಲ. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಹಿಂದೆ ಹೋಗಿ ನಿಂತ. ಕಾರು ರಿವರ್ಸ್ ತೆಗೆಯುವಾಗ ಜೊತೆಗಾರ ಇಳಿದು ಹಿಂದೆ ನಿಂತು ದಾರಿ ತೋರಿಸಬೇಕು, ಅದೂ ಅವರ ನಿಯಮ. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಆದರೂ ಅವನು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಬಿಡುವಿದ್ದ ಕೈಯನ್ನು ಬೀಸತೊಡಗಿದ. ಥೇಟ್ ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರ್.

ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಕೂಗಿದೆ: "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"

ಕಾರು ಗಕ್ಕನೆ ನಿಂತಿತು.