ಕಡಲಾಮೆಯ ಫೋಟೊ: ಮೊದಲ ಮೊಟ್ಟೆ ಬೀಳುವವರೆಗೆ ಕ್ಯಾಮೆರಾ ಚೀಲದಲ್ಲೇ ಇರಲಿ

ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗದಂಥ ಮರಳದಂಡೆಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಚಳಿಗಾಲದ ರಾತ್ರಿಗಳಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಜೀವಿ ಇದು. ಹಾಗಾಗಿ ಅರಣ್ಯ ಇಲಾಖೆಯವರ ಜೊತೆಗೇ ಹೋಗಿ.

ಆಮೆ ಸುಲಭವಾಗಿ ಬೆದರುವುದು ನೀರಿನಿಂದ ಮೇಲೇರುವಾಗ, ಗುಂಡಿ ತೋಡುವಾಗ. ಟಾರ್ಚ್ ಹೊಳೆದರೂ, ಯಾರಾದರೂ ಓಡಾಡಿದರೂ ಮೊಟ್ಟೆಯಿಡದೆ ಕಡಲಿಗೆ ವಾಪಸಾಗಬಹುದು. ಕಂಡ ಕೂಡಲೇ ಇದ್ದಲ್ಲೇ ಕುಳಿತುಬಿಡಿ. ಹಿಂಗಾಲುಗಳಿಂದ ಸರದಿಯಂತೆ ಮರಳು ಎತ್ತಿ ಸುಮಾರು ಒಂದೂವರೆ ಅಡಿ ಆಳ ತೋಡುತ್ತದೆ. ಆ ಕಾಲಾಟ ನಿಂತರೆ ಮೊಟ್ಟೆ ಬೀಳುತ್ತಿವೆ ಎಂದರ್ಥ. ಆಗ ಹಿಂದಿನಿಂದ, ಬಗ್ಗಿಕೊಂಡು ಹತ್ತಿರವಾಗಿ; ಹತ್ತು ಅಡಿಗಿಂತ ಹತ್ತಿರ ಬೇಡ. ಕಣ್ಣೀರಿನ ಫೋಟೊಗೆಂದು ಮುಖದೆದುರು ಹೋಗುವವರಿದ್ದಾರೆ. ಅದು ಅಳುವಲ್ಲ, ಮೈಯೊಳಗಿನ ಹೆಚ್ಚುವರಿ ಉಪ್ಪನ್ನು ಗ್ರಂಥಿಗಳು ಹೊರಹಾಕುವುದು ಅಷ್ಟೇ.

ಫ್ಲ್ಯಾಶ್ ಆಫ್ ಮಾಡಿದರೆ ಸಾಲದು. ಫೋಕಸ್‌ಗೆ ನೆರವಾಗುವ ಪುಟ್ಟ ದೀಪವನ್ನು ಮೆನುವಿನಲ್ಲಿ ಹುಡುಕಿ ಆಫ್ ಮಾಡಿ. ಎಲ್ಲರೂ ಮರೆಯುವುದು ಇದನ್ನೇ. ಹಿಂಬದಿ ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿ. ಮೊಬೈಲಾದರೆ ಫ್ಲ್ಯಾಶ್ ಮೇಲೆ ಕಪ್ಪು ಟೇಪ್ ಅಂಟಿಸಿ. ಮೊಟ್ಟೆಯಿಡುವ ಆಮೆ ಹೆಚ್ಚು ಅಲುಗದ ಕಾರಣ, ಹೆಚ್ಚು ಬೆಳಕು ಒಳಬಿಡುವ ಎಫ್ 1.8 ಲೆನ್ಸ್, ಟ್ರೈಪಾಡ್, ಐಎಸ್ಒ (ಬೆಳಕಿನ ಸಂವೇದನೆ) 6400 ಇದ್ದರೆ ಬೆಳದಿಂಗಳಲ್ಲಿ ಒಂದೆರಡು ಸೆಕೆಂಡಿನ ಎಕ್ಸ್‌ಪೋಷರ್ ಸಾಕು. ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯನ್ನು ಆಚೀಚೆ ವಾಲಿಸಿ ಧಪಧಪ ಬಡಿಯಲು ಶುರುಮಾಡಿದರೆ ಹಿಂದೆ ಸರಿಯಿರಿ, ಕಡಲಿನ ದಾರಿ ಬಿಡಿ.

ನಿಜ ಹೇಳಬೇಕೆಂದರೆ ಒಳ್ಳೆಯ ಚಿತ್ರ ಸಿಗುವುದು ಬೆಳಗಿನ ಹೊತ್ತು. ಓರೆಬಿಸಿಲಿಗೆ ಹೆಜ್ಜೆಸಾಲು ಎದ್ದು ಕಾಣುತ್ತದೆ: ರಿಡ್ಲಿಯದಾದರೆ ಎಡ-ಬಲ ಗುರುತುಗಳು ಒಂದಾದ ಮೇಲೊಂದು, ಹಸಿರಾಮೆ ಎಂಬ ಇನ್ನೊಂದು ಕಡಲಾಮೆಯದಾದರೆ ಜೋಡಿಜೋಡಿ. ಅದರ ಮೇಲೆ ನಡೆಯಬೇಡಿ. ಗೂಡು ಹುಡುಕಿ ಕಾಪಾಡುವವರಿಗೆ ಆ ಸಾಲೇ ಸುಳಿವು.

ಸುಮಾರು 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ. ಬೆಳ್ಳಗೆ ಕಾಣುವ ದಿಗಂತವನ್ನೇ ಕಡಲೆಂದು ನಂಬುವ ಅವಕ್ಕೆ ಅಷ್ಟಾಗಿ ಕಣ್ಣಿಗೆ ಹೊಡೆಯದ ಕೆಂಪು ಟಾರ್ಚೂ ಬೇಡ. ಅವುಗಳ ಮತ್ತು ನೀರಿನ ನಡುವೆ ಓಡಾಡಿದರೆ ನಿಮ್ಮ ಹೆಜ್ಜೆಗುಳಿಗಳಲ್ಲೇ ಸಿಕ್ಕಿಬೀಳುತ್ತವೆ. ಎತ್ತಿ ನೀರಿಗೆ ಬಿಡುವ ಉಪಕಾರವೂ ಬೇಡ.

ಚಿತ್ರ ಹಂಚಿಕೊಳ್ಳುವ ಮೊದಲು ಲೊಕೇಶನ್ ಮಾಹಿತಿ ಅಳಿಸಿ. ಮೊಟ್ಟೆ ಕದಿಯುವವರೂ ಫೋಟೊ ನೋಡುತ್ತಾರೆ. ಹಿನ್ನೆಲೆಯಲ್ಲಿ ಗುರುತು ಹಿಡಿಯಬಹುದಾದ ಬಂಡೆಯೋ ಲೈಟ್‌ಹೌಸೋ ಇದ್ದರೆ ಕತ್ತರಿಸಿಬಿಡಿ.